ಏರುವುದು ಬೇರೆ, ಎತ್ತಿಕೊಂಡು ಹೋಗುವುದು ಬೇರೆ

ಅವರ ಬಲಗೈ ತೋರುಬೆರಳಿನ ಉಗುರು ನಡುವೆ ಸೀಳಿ ಎರಡಾಗಿ ಬೆಳೆದಿತ್ತು. ಕೆಲಸ ಕಲಿಯುವ ದಿನಗಳಲ್ಲಿ ಹೊಲಿಗೆ ಮಷೀನಿನ ಸೂಜಿ ಅದರೊಳಗೆ ಇಳಿದಿತ್ತಂತೆ. ಆ ಬೆರಳನ್ನೇ ಸಾಲಿನ ಕೆಳಗೆ ಸರಿಸುತ್ತ, ತುಟಿ ಅಲುಗಿಸುತ್ತ ಅವರು ಬೈಬಲ್ ಓದುತ್ತಿದ್ದರು. ಶಹಾಪುರದ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಅವರ ಅಂಗಡಿ. ನಮಗೆಲ್ಲ ಅವರು ಟೇಲರ್ ಕಾಕಾ.

ಅಂಗಡಿಯ ಹಲಗೆಯ ಮೇಲೆ ಮೂರು ಬೈಬಲ್‌ಗಳಿದ್ದವು. ಕನ್ನಡದ್ದು ಅವರದು, ತೆಲುಗಿನದು ಗುರುಮಠಕಲ್ ಕಡೆಯಿಂದ ಬಂದ ಹೆಂಡತಿಯದು, ಉರ್ದುವಿನದು ಅಪ್ಪನದು. ಯಾವುದಾದರೂ ಮಾತು ತಲೆಯಲ್ಲಿ ಸಿಕ್ಕಿಕೊಂಡಿತೆಂದರೆ ಮೂರನ್ನೂ ತೆರೆದು ಕೂತುಬಿಡುವರು. ಹೊಲಿಗೆ ಅಲ್ಲಿಗೆ ನಿಲ್ಲುತ್ತಿತ್ತು. ಒಮ್ಮೆ ಮದುಮಗಳೊಬ್ಬಳ ಕುಪ್ಪಸ ಲಗ್ನದ ಹಿಂದಿನ ದಿನವೂ ತಯಾರಾಗಿರಲಿಲ್ಲ. ಅವಳ ಸೋದರಮಾವ ಬಂದು ಬಾಯಿಗೆ ಬಂದಂತೆ ಬೈದು ಹೋದ. ಕಾಕಾ ತಲೆ ತಗ್ಗಿಸಿ ಬೈಸಿಕೊಂಡು, ಹೊಲಿದು ಮುಗಿಸಿ, ತಾವೇ ಸೈಕಲ್ ತುಳಿದು ವನದುರ್ಗಕ್ಕೆ ಮುಟ್ಟಿಸಿ ಬಂದರು. ಹಾಗಂತ ಚಾಳಿಯೇನೂ ಬಿಡಲಿಲ್ಲ.

ನಾನು ಯಾದಗಿರಿಯಲ್ಲಿ ಡಿಗ್ರಿ ಓದುತ್ತಿದ್ದಾಗ ಏಳು ವರ್ಷದ ನನ್ನ ತಂಗಿ ಜ್ವರದಿಂದ ತೀರಿಕೊಂಡಳು. ಸಾಂತ್ವನ ಹೇಳಲು ಮನೆಯಲ್ಲಿ ನಡೆದ ಆದರಣೆ ಕೂಟದಲ್ಲಿ ಚರ್ಚಿನ ಸಭಾಪಾಲಕರು ಪ್ರವಾದಿ ಎಲೀಯನು ಸುಂಟರಗಾಳಿಯಲ್ಲಿ ಪರಲೋಕಕ್ಕೆ ಹೋದ ಭಾಗವನ್ನು ಓದಿದರು. ನನಗೆ ಎಲ್ಲರ ಮೇಲೂ ಸಿಟ್ಟಿತ್ತು, ದೇವರ ಮೇಲೆ ಇನ್ನೂ ಹೆಚ್ಚು. ಎದ್ದು ನಿಂತೆ. ಅಲ್ಲಿಂದ ಇಳಿದು ಬಂದವನ ಹೊರತು ಯಾರೂ ಪರಲೋಕಕ್ಕೆ ಏರಿಹೋಗಿಲ್ಲವೆಂದು ಯೇಸುವೇ ಹೇಳಿದ್ದು ಯೋಹಾನನ ಸುವಾರ್ತೆಯಲ್ಲಿದೆ, ಎರಡರಲ್ಲಿ ಯಾವುದು ಸುಳ್ಳು, ನನ್ನ ತಂಗಿ ಈಗ ಎಲ್ಲಿದ್ದಾಳೆ ಎಂದು ಕೇಳಿದೆ. ಸಭಾಪಾಲಕರು ಪುಸ್ತಕ ಮುಚ್ಚಿ ಪ್ರಾರ್ಥನೆ ಮಾಡಿ ಹೋದರು.

ನಾನು ಕೇಳಿದ್ದು ಅವರನ್ನು. ಆದರೆ ಆ ಮಾತು ನಾಟಿದ್ದು ಅವ್ವನಿಗೆ. ಮರುದಿನದಿಂದ ಅವಳು ದಿನಾ ಮಧ್ಯಾಹ್ನ ಸಮಾಧಿಯ ಹತ್ತಿರ ಹೋಗಿ ಬಿಸಿಲಲ್ಲಿ ಕೂರತೊಡಗಿದಳು. ಕರೆತರಲು ಹೋದರೆ, "ಯಾರೂ ಹೋಗಿಲ್ಲಂದ್ರ ನನ್ನ ಕೂಸು ಇಲ್ಲೇ ಅದ ಅಲ್ಲ, ಒಂದನ್ನೇ ಹ್ಯಾಂಗ ಬಿಟ್ಟು ಬರ್ಲಿ" ಎಂದಳು. ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವ ದಾರಿ ನನಗೆ ತಿಳಿಯಲಿಲ್ಲ. ನೆಂಟರೆಲ್ಲ ನನ್ನನ್ನು ಬೈದರು. ಬೈಯದವರು ಟೇಲರ್ ಕಾಕಾ ಒಬ್ಬರೇ.

"ನಿನ್ನ ಸವಾಲ್ ಖರೇ ಅದ ಮಗಳ" ಎಂದರು. "ಕೇಳಿದ ಜಾಗ ಬರೋಬರಿ ಇರಲಿಲ್ಲ. ನನಗೂ ಜವಾಬು ಗೊತ್ತಿಲ್ಲ. ಎಂಟು ದಿನ ಕೊಡು."

ಹಬ್ಬದ ಹೊಲಿಗೆಯ ರಾಶಿ ಬಿದ್ದಿದ್ದಾಗಲೇ ಮಷೀನಿಗೆ ಬಟ್ಟೆ ಮುಚ್ಚಿದರು. ಸುರಪುರದಲ್ಲಿ ನೆಲೆಸಿದ್ದ ನಿವೃತ್ತ ಸಭಾಪಾಲಕರೊಬ್ಬರನ್ನು ಕೇಳಲು ಎರಡು ಸಲ ಬಸ್ ಹತ್ತಿದರು. ಯೇಸು ಆ ಮಾತನ್ನು ಯಾರಿಗೆ, ಯಾಕೆ ಹೇಳಿದನೆಂದು ಮೊದಲು ನೋಡು ಎಂದರಂತೆ ಅವರು. ಕಾಕಾನಿಗೆ ಉರ್ದು ಓದಲು ಸರಿಯಾಗಿ ಬರುತ್ತಿರಲಿಲ್ಲ. ಪಕ್ಕದ ಮನೆಯ ಉರ್ದು ಶಾಲೆಯ ಮಾಸ್ತರ್ ಸಾಹೇಬರು ಕನ್ನಡಕ ಹಾಕಿಕೊಂಡು ಆ ಭಾಗಗಳನ್ನೆಲ್ಲ ಓದಿ ಹೇಳಿದರು. ಯೇಸುವಿನ ಮಾತಿನಲ್ಲಿ ಇರುವುದು 'ಚಢನಾ', ಅಂದರೆ ಏರುವುದು; ಎಲೀಯನಂತೆಯೇ ಸಾವು ಕಾಣದೆ ದೇವರ ಬಳಿ ಸೇರಿದ ಹನೋಕನ ವಿಷಯದಲ್ಲಿ ಇರುವುದು 'ಉಠಾನಾ', ಅಂದರೆ ಎತ್ತುವುದು ಎಂದು ತೋರಿಸಿದವರು ಅವರೇ.

ಒಂಬತ್ತನೆಯ ದಿನ ಬೆಳಿಗ್ಗೆ ಕಾಕಾ ನಮ್ಮ ಮನೆಗೆ ಬಂದರು. ಅವ್ವ ಜೋಳ ಹಸನು ಮಾಡುತ್ತಿದ್ದಳು. ಎದುರಿಗೆ ಕುಳಿತು ಕೇಳಿದರು.

"ತಂಗಿ, ಕೂಸು ಅಂಗಳದಾಗ ಆಡ್ತಾ ಆಡ್ತಾ ಮಕ್ಕೊಂಡುಬಿಡ್ತಿತ್ತಲ್ಲ, ಒಳಗ ಹ್ಯಾಂಗ ಹೋಗ್ತಿತ್ತು?"

"ನಾನೇ ಎತ್ತಿಗೊಂಡು ಹೋಗ್ತಿದ್ದೆ ಅಣ್ಣ."

"ಎಲೀಯನ್ನ, ಹನೋಕನ್ನ ದೇವ್ರು ಹಾಂಗ ಒಯ್ದಾನ. ಯೇಸು ಹೇಳಿದ್ದು ಬ್ಯಾರೆ. ತನ್ನ ಶಕ್ತಿಲೆ ಏರಿ ಹೋಗಿ, ಅಲ್ಲಿದು ನೋಡಿ, ತಿರುಗಿ ಬಂದು ಸುದ್ದಿ ಹೇಳಿದಾವ ಯಾವನೂ ಇಲ್ಲ ಅಂತ. ಏರೋದು ಬ್ಯಾರೆ, ಎತ್ತಿಗೊಂಡು ಹೋಗೋದು ಬ್ಯಾರೆ ತಂಗಿ."

ಅವ್ವನ ಕೈ ಮೊರದ ಮೇಲೆಯೇ ನಿಂತಿತು. ಕೂಸು ಮಣ್ಣಾದ ದಿನದಿಂದ ಅಳದೇ ಇದ್ದವಳು ಅವತ್ತು ಅತ್ತಳು. ಮಧ್ಯಾಹ್ನ ಎಲ್ಲಿಗೂ ಹೋಗಲಿಲ್ಲ; ಒಲೆ ಹಚ್ಚಿ ರೊಟ್ಟಿ ಬಡಿದಳು.

ಬಾಗಿಲವರೆಗೆ ಕಳಿಸಲು ಹೋದ ನನಗೆ ಕಾಕಾ ಮೆಲ್ಲಗೆ ಇನ್ನೊಂದು ಮಾತು ಹೇಳಿದರು. ಎಲೀಯನ ಕಥೆಯ ಮೊದಲಲ್ಲಿ ದೇವರು ಅವನನ್ನು ಒಯ್ಯಲಿದ್ದನೆಂದಿದೆ, ಮುಂದೆ ಅವನೇ ಹೋದನೆಂದಿದೆ. ತಮಗೆ ಮೊದಲನೆಯದು ಸಾಕಾಯಿತು, ನನಗೆ ಸಾಕಾಗದಿದ್ದರೆ ಹುಡುಕುವುದನ್ನು ನಿಲ್ಲಿಸಬಾರದು ಎಂದು. ತಮ್ಮ ಮಾತಿಗೆ ಒಗ್ಗದ್ದನ್ನು ಮುಚ್ಚಿಟ್ಟು ಅವರು ಗೆಲ್ಲಬಹುದಿತ್ತು. ಮುಚ್ಚಿಡಲಿಲ್ಲ. ನಾನು ಮತ್ತೆ ಬೈಬಲ್ ಓದಲು ಕುಳಿತದ್ದು ಆ ಕಾರಣಕ್ಕೆ.

ನಾನು ರಾಮಸಮುದ್ರದ ಶಾಲೆಯಲ್ಲಿ ಟೀಚರಾದ ಮೇಲೂ ಊರಿಗೆ ಹೋದಾಗಲೆಲ್ಲ ಆ ಅಂಗಡಿಯಲ್ಲಿ ಒಂದು ಗಳಿಗೆ ಕೂತು ಬರುತ್ತಿದ್ದೆ. ಹೋದ ವರ್ಷ ಕಾಕಾ ಯಾದಗಿರಿಯ ಆಸ್ಪತ್ರೆ ಸೇರಿದರು. ಕಡೆಯ ಸಲ ನೋಡಲು ಹೋದಾಗ ಉಸಿರು ಸಾಲುತ್ತಿರಲಿಲ್ಲ. ಆದರೂ ಹತ್ತಿರ ಕರೆದು, ಎಂದೋ ತೀರಿಹೋದ ಅರಸ ದಾವೀದನು ಪರಲೋಕಕ್ಕೆ ಏರಿಹೋಗಲಿಲ್ಲ ಎಂದು ಯೇಸುವಿನ ಶಿಷ್ಯ ಪೇತ್ರ ಹೇಳಿದ್ದು ತಮಗೆ ಇನ್ನೂ ತಾಳೆಯಾಗಿಲ್ಲ ಎಂದರು. ನಾನು ಅವರ ಕೈ ಹಿಡಿದುಕೊಂಡು, ಅಲ್ಲಿಗೆ ಹೋದ ಮೇಲೆ ದಾವೀದನನ್ನೇ ಕೇಳಬಹುದಲ್ಲ ಎಂದೆ. ನಗಲು ಅವರಿಗೆ ಸ್ವಲ್ಪ ಹೊತ್ತು ಹಿಡಿಯಿತು.

"ನಾ ಕೇಳ್ತೀನಿ. ಆದ್ರ ಬಂದು ಹೇಳಾಕ ಆಗಂಗಿಲ್ಲ ಮಗಳ. ನೀ ಇಲ್ಲೇ ಹುಡುಕು."

ಎರಡು ದಿನಕ್ಕೆ ತೀರಿಕೊಂಡರು. ನಾನು ಹುಡುಕುತ್ತಿದ್ದೇನೆ.