ವಾಲ್ಮಾ ಆಂಟಿ ಕಾಯಿಸಿದ ಅರವತ್ತು ಲೀಟರ್ ರಕ್ತ

ನಮ್ಮೂರು ಬೂಲ್ಕಾದ ಕೃಷಿ ಪ್ರದರ್ಶನದಲ್ಲಿ ಸತತ ಹನ್ನೊಂದು ವರ್ಷ ಜೆಲ್ಲಿಗೆ ಮೊದಲ ಬಹುಮಾನ ಹೊಡೆದವರು ವಾಲ್ಮಾ ಪಾಷ್ಕೆ. ಕ್ವಾಂಡಾಂಗ್ ಅನ್ನುವ ಕೆಂಪು ಕಾಡುಹಣ್ಣನ್ನು ಬೇಯಿಸಿ ಬಟ್ಟೆಯಲ್ಲಿ ಕಟ್ಟಿ ನೇತುಹಾಕಿ, ಒಂದು ಸಲವೂ ಹಿಂಡದೆ, ರಸ ತಾನಾಗಿ ತೊಟ್ಟಿಕ್ಕುವ ತನಕ ಕಾಯುವ ತಾಳ್ಮೆ ನಮ್ಮೂರಲ್ಲಿ ಇನ್ಯಾರಿಗೂ ಇಲ್ಲ. ತೀರ್ಪುಗಾರರು ಬಾಟಲಿಯನ್ನು ಕಿಟಕಿಗೆ ಹಿಡಿದು ನೋಡುತ್ತಾರೆ, ಬಾಟಲಿಯ ಹಿಂದೆ ಹಿಡಿದ ಬೆರಳು ಕಾಣಬೇಕು. ವಾಲ್ಮಾ ಆಂಟಿಯ ಜೆಲ್ಲಿಯಲ್ಲಿ ಬೆರಳಿನ ಗೆರೆಗಳೂ ಕಾಣುತ್ತಿದ್ದವು!

ಹಾಗಾಗಿ ನಮ್ಮೂರಿನವಳೇ ಆದ ಟೆಗನ್ ‘ಕುರಿ ಶೆಡ್ಡು’ ಅನ್ನುವ ಭಯಾನಕ ಸಿನಿಮಾ ತೆಗೆಯಲು ಹೊರಟಾಗ, ರಕ್ತ ಮಾಡಿಕೊಡಿ ಅಂತ ನೇರ ಅವರ ಅಡುಗೆಮನೆಗೇ ಹೋದಳು. ಉಣ್ಣೆ ಕತ್ತರಿಸುವವನೊಬ್ಬ ತಲೆಕೆಟ್ಟು ಜೊತೆಗಾರರನ್ನೆಲ್ಲ ಕತ್ತರಿಸುವ ಕಥೆ ಅದು. ಆಂಟಿ ಸಕ್ಕರೆ ಪಾಕಕ್ಕೆ ಕೆಂಪು ಬಣ್ಣ ಬೆರೆಸಿ, ಮೂರು ಸಲ ಸೋಸಿ, ಅಭ್ಯಾಸದಂತೆ ಕಿಟಕಿಗೆ ಹಿಡಿದು ನೋಡಿ, ತೃಪ್ತಿಯಾದ ಮೇಲೆ ಕಳಿಸಿದರು. ರಕ್ತ ಗಾಜಿನಷ್ಟು ತಿಳಿಯಾಗಿತ್ತು. ಎಡವಟ್ಟಾಗಿದ್ದೇ ಅಲ್ಲಿ.

ಊರಿನ ಹಾಲ್‌ನಲ್ಲಿ ಸಿನಿಮಾ ತೋರಿಸಿದ ದಿನ, ಮೊದಲ ಕೊಲೆಯಲ್ಲಿ ಅದು ಬಿಳಿ ಉಣ್ಣೆಯ ಮೇಲೆ ಷರಬತ್ತಿನ ಹಾಗೆ ಹರಡಿ ಬೆಳಕಿಗೆ ಮಿನುಗಿತು. ಇಡೀ ಹಾಲ್ ಬಿದ್ದು ಬಿದ್ದು ನಕ್ಕಿತು. ಅಡಿಲೇಡ್‌ನಿಂದ ಬಂದಿದ್ದ ವಿಮರ್ಶಕಿ ಪ್ರೂ ಗಿಲ್ಮೋರ್ ವಾರಪತ್ರಿಕೆಯಲ್ಲಿ, ‘ಬೂಲ್ಕಾದವರ ನರಗಳಲ್ಲಿ ಹರಿಯುವುದು ಜ್ಯಾಮ್ ಎಂದು ಈಗ ಗೊತ್ತಾಯಿತು, ಬ್ರೆಡ್ ತರದೆ ತಪ್ಪು ಮಾಡಿದೆ’ ಅಂತ ಬರೆದರು.

ಆಮೇಲೆ ಕೇಳಬೇಕೇ! ಆಂಟಿ ಬೇಕರಿಗೆ ಹೋದರೆ ಬೇಕರಿಯವನು ಕೇಳುತ್ತಿದ್ದ, "ವ್ಯಾಲ್, ಸ್ಕೋನ್ ಬನ್ನು ಬಿಸಿಯಾಗಿದೆ, ಮೇಲೆ ಹಾಕ್ಕೊಳ್ಳೋಕೆ ಅರ್ಧ ಲೀಟರ್ ರಕ್ತ ಕೊಡ್ತೀಯಾ?" ಆಂಟಿ ನಗುತ್ತಿದ್ದರು. ಆದರೆ ಆ ವರ್ಷ ಪ್ರದರ್ಶನಕ್ಕೆ ಜೆಲ್ಲಿ ಇಡಲಿಲ್ಲ.

ಎರಡು ವರ್ಷ ಬಿಟ್ಟು ಟೆಗನ್ ಎರಡನೇ ಭಾಗಕ್ಕೆ ಕೈಹಾಕಿದಳು. ಆಂಟಿಯೇ ಅವಳ ಮನೆ ಬಾಗಿಲು ತಟ್ಟಿದರು.

"ರಕ್ತ ನಾನೇ ಮಾಡ್ತೀನಿ."

"ಆಂಟಿ, ಈ ಸಲವೂ ಜನ ನಕ್ರೆ ನನ್ನ ಕಥೆ ಮುಗೀತು. ಮೂರನೇ ಸಿನಿಮಾಗೆ ಯಾವ ನಾಯಿನೂ ಬರಲ್ಲ."

"ಒಬ್ರು ನಕ್ರೂ ನನ್ನ ಹೆಸರು ಕಿತ್ತಾಕು. ಜೆಲ್ಲಿ ಪಾತ್ರೇನೂ ಯಾರಿಗಾದ್ರೂ ಕೊಟ್ಬಿಡ್ತೀನಿ."

ಈಗ ಡೆಸ್ ಅಂಕಲ್ ಬಗ್ಗೆ ಹೇಳಬೇಕು. ಆಂಟಿಯ ಗಂಡ ಡೆಸ್ ಮೂವತ್ತೆಂಟು ವರ್ಷ ಕಸಾಯಿಖಾನೆಯಲ್ಲಿ ಕುರಿ ಕುಯ್ದವರು! ಇಂಥವರನ್ನು ಮನೆಯಲ್ಲೇ ಇಟ್ಟುಕೊಂಡು ಆಂಟಿ ಅವರನ್ನು ಒಂದು ಮಾತೂ ಕೇಳಿರಲಿಲ್ಲ. ಯಾಕೆಂದರೆ ಆ ಮನೆಗೊಂದು ಕಟ್ಟಳೆಯಿತ್ತು. ಅಂಕಲ್ ಹಿಂಬಾಗಿಲಲ್ಲಿ ಬೂಟು ಬಿಚ್ಚಿ, ಬಟ್ಟೆ ಒಗೆಯುವ ಕೋಣೆಯಲ್ಲಿ ಸ್ನಾನ ಮಾಡಿಯೇ ಒಳಗೆ ಬರಬೇಕು. ಕೆಲಸದ ಮಾತು ಬೂಟಿನ ಜೊತೆ ಹೊರಗೇ ಇರಬೇಕು. ಕಸಾಯಿಖಾನೆಯವರ ಮನೆಗಳಲ್ಲಿ ಇದು ಮಾಮೂಲು. ಅಂಕಲ್ ನಿವೃತ್ತರಾಗಿ ಒಂಬತ್ತು ವರ್ಷವಾದರೂ ಬೂಟು ಅಲ್ಲೇ ಇತ್ತು, ಮಾತೂ ಅಲ್ಲೇ ಇತ್ತು.

ಒಂದು ಮಧ್ಯಾಹ್ನ ಊಟದ ಮೇಜಿನಲ್ಲೇ ಆಂಟಿ ಕೇಳಿಬಿಟ್ಟರು. "ಡೆಸ್, ರಕ್ತ ಹೆಂಗಿರತ್ತೆ?"

ಅಂಕಲ್ ಫೋರ್ಕ್ ಕೆಳಗಿಟ್ಟರು. "ಇಲ್ಲೇ ಹೇಳ್ಲಾ?"

"ಇಲ್ಲೇ ಹೇಳು."

"ಮೊದಲು ನಿನ್ನ ಕಿಟಕಿ ಮರೆತುಬಿಡು ಕಣೇ. ಆಚೆ ಏನೂ ಕಾಣಬಾರದು. ಮತ್ತೆ ಅದು ಒಂದೇ ಬಣ್ಣ ಅಲ್ಲ. ಬಿದ್ದಾಗ ಕೆಂಪು, ಒಂದು ಸಿಗರೇಟು ಸೇದೋ ಹೊತ್ತಿಗೆ ಇಟ್ಟಿಗೆ ಬಣ್ಣ, ಆಮೇಲೆ ಕಪ್ಪು. ಕಸ್ಟರ್ಡ್ ಮೇಲೆ ಕಟ್ಟುತ್ತಲ್ಲ, ಹಾಗೆ ಕೆನೆ ಕಟ್ಟುತ್ತೆ. ತೊಳೆಯದ ಉಣ್ಣೆ ಜಿಡ್ಡು, ಅದರ ಮೇಲೆ ಹರಡಲ್ಲ, ಮಣಿ ಮಣಿಯಾಗಿ ಕೂತ್ಕೊಳುತ್ತೆ." ಫೋರ್ಕ್ ಎತ್ತಿಕೊಳ್ಳುತ್ತಾ ಸೇರಿಸಿದರು, "ಮತ್ತೆ ಬಿಸಿ ಇರುತ್ತೆ, ವ್ಯಾಲ್. ಚಳೀಲಿ ಹಬೆ ಏಳುತ್ತೆ."

"ಇಷ್ಟೆಲ್ಲ ಗೊತ್ತಿದ್ದೂ ಮೊದಲ ಸಲ ಯಾಕೆ ಬಾಯಿ ಬಿಡಲಿಲ್ಲ ನೀನು?"

"ನೀನು ಕೇಳಲಿಲ್ವಲ್ಲೇ."

ಆಂಟಿ ಪಾಕಕ್ಕೆ ಕೋಕೋ ಪುಡಿ, ಜೋಳದ ಹಿಟ್ಟು, ಒಂದೆರಡು ಹನಿ ನೀಲಿ ಬಣ್ಣ ಸೇರಿಸಿದರು. ಅಂಕಲ್ ಪಕ್ಕದಲ್ಲಿ ನಿಂತು ಬೆರಳಲ್ಲಿ ಅದ್ದಿ, "ಇನ್ನೂ ಗಟ್ಟಿ", "ಇದು ಗ್ರೇವಿ, ರಕ್ತ ಅಲ್ಲ" ಅನ್ನುತ್ತಿದ್ದರು. ಹದಿನೇಳು ಪಾತ್ರೆ ಚೆಲ್ಲಿದ ಮೇಲೆ ಹದಿನೆಂಟನೆಯದಕ್ಕೆ ತಲೆಯಾಡಿಸಿದರು. ಹೊತ್ತಾದಂತೆ ಕಪ್ಪಾಗುವುದನ್ನು ತೋರಿಸಲು ಒಂದೊಂದು ಶಾಟಿಗೂ ಕೋಕೋ ಹೆಚ್ಚಿಸುವುದು ಅಂತಾಯಿತು. ನಮ್ಮಲ್ಲಿ ಜೂನ್ ಅಂದರೆ ನಡು ಚಳಿಗಾಲ, ಶೂಟಿಂಗ್ ಆಗಲೇ. ಶೆಡ್ಡಿನ ಪಕ್ಕದಲ್ಲೇ ಒಲೆ ಹೂಡಿ, ಅದೇ ಜೆಲ್ಲಿ ಪಾತ್ರೆಯಲ್ಲಿ ಅರವತ್ತು ಲೀಟರ್ ರಕ್ತವನ್ನು ಆಂಟಿ ಸ್ವಲ್ಪ ಸ್ವಲ್ಪವಾಗಿ ಕಾಯಿಸಿ ಕೊಡುತ್ತಿದ್ದರು. ಲೈಟ್ ಹಿಡಿದಿದ್ದವರಲ್ಲಿ ನಾನೂ ಒಬ್ಬಳು. ಉಣ್ಣೆಯ ಮೇಲಿಂದ ಹಬೆ ಎದ್ದಾಗ ನಾನು ಲೈಟ್ ಸಮೇತ ಹಿಂದೆ ಸರಿದುಬಿಟ್ಟೆ, ಆ ಶಾಟನ್ನು ಮತ್ತೆ ತೆಗೆಯಬೇಕಾಯಿತು!

ಮುಂದಿನ ವರ್ಷ ಜುಲೈ ತಿಂಗಳ ಒಂದು ಭಾನುವಾರ ಮಧ್ಯಾಹ್ನ ಸಿನಿಮಾ ಬಂತು. ಹಾಲ್‌ನ ಪರದೆಗಳನ್ನೆಲ್ಲ ಎಳೆದಿದ್ದರು. ಹಿಂದಿನ ಮೇಜಿನ ಮೇಲೆ ಎಲ್ಲರೂ ಮನೆಯಿಂದ ತಂದ ಸಾಸೇಜ್ ರೋಲ್, ಟೊಮೆಟೊ ಸಾಸು. ಎರಡನೇ ಸಾಲಿನಲ್ಲಿ ನೋಟ್‌ಬುಕ್ ಹಿಡಿದ ಪ್ರೂ ಗಿಲ್ಮೋರ್. "ಬ್ರೆಡ್ ತಂದಿದ್ದೀರಾ ಮೇಡಂ?" ಅಂತ ಯಾರೋ ಕೂಗಿದರು, ಹಾಲ್ ನಕ್ಕಿತು. ಮೂರನೇ ಸಾಲಿನಲ್ಲಿದ್ದ ಆಂಟಿ ನಗಲಿಲ್ಲ.

ಮೊದಲ ಕೊಲೆ. ಕತ್ತರಿ ಇಳಿಯಿತು. ಉಣ್ಣೆಯ ಮೇಲೆ ಮಣಿಗಳು ಕೂತವು, ಹಬೆ ಎದ್ದಿತು, ನಮ್ಮ ಕಣ್ಣ ಮುಂದೆಯೇ ಕೆಂಪು ಕಪ್ಪಾಗತೊಡಗಿತು.

ಒಬ್ಬರೂ ನಗಲಿಲ್ಲ. ಬೇಕರಿಯವನು "ಅಯ್ಯೋ ದೇವರೇ" ಅಂದ. ಯಾರದೋ ಕುರ್ಚಿ ಬಿತ್ತು. ನನಗಂತೂ ಕುಣಿಯಬೇಕು ಅನ್ನಿಸಿತು!

ಅಷ್ಟರಲ್ಲಿ ಡೆಸ್ ಅಂಕಲ್ ಎದ್ದರು. ಯಾರನ್ನೂ ನೋಡದೆ ಬಾಗಿಲು ತೆಗೆದು ಹೊರಟೇಹೋದರು. ಆಂಟಿಯ ಮುಖ ಬಿಳುಚಿತು. ಊರೆಲ್ಲ ಮೆಚ್ಚಿದರೇನು, ಆಂಟಿಯ ಮಟ್ಟಿಗೆ ನಿಜ ರಕ್ತ ಗೊತ್ತಿದ್ದವರು ಅಂಕಲ್ ಒಬ್ಬರೇ. ಆಂಟಿ ಹಿಂದೆಯೇ ಓಡಿದರು. ತಡೆಯಲಾರದೆ ನಾನೂ ಓಡಿದೆ.

ಅಂಕಲ್ ಹೊರಗೆ ಮೆಟ್ಟಿಲ ಮೇಲೆ ಬಿಸಿಲಲ್ಲಿ ಕೂತಿದ್ದರು.

"ಎಲ್ಲಿ ತಪ್ಪಾಯ್ತು, ಹೇಳು," ಅಂದರು ಆಂಟಿ.

"ವಾಸನೆ ಬಂತು ಕಣೇ."

"ಸಿನಿಮಾದಲ್ಲಿ ಎಲ್ಲಿಂದ ವಾಸನೆ, ಡೆಸ್? ಅದು ಕೋಕೋ."

"ಗೊತ್ತು. ಆದ್ರೂ ಬಂತು."

ಆಂಟಿ ಅವರ ಪಕ್ಕದಲ್ಲಿ ಕೂತರು.

ಹಿಂದೆ ಮತ್ತೆ ಬಾಗಿಲು ತೆರೆಯಿತು. ಪ್ರೂ ಗಿಲ್ಮೋರ್! ಮುಖ ಸುಣ್ಣದ ಹಾಗಾಗಿತ್ತು. "ಐದು ನಿಮಿಷ ಗಾಳಿ ಬೇಕು," ಅಂದರು. ಆಮೇಲೆ ಆಂಟಿಯನ್ನು ನೋಡಿ, "ರಕ್ತ ಮಾಡಿದ್ದು ನೀವೇನಾ?"

"ಹೌದಮ್ಮ. ಜ್ಯಾಮ್ ಮಾಡಿದ್ದೂ ನಾನೇ."

ಪ್ರೂ ಕೆಂಪಾದರು. "ನೋಡಿ, ಕಥೆ ಸುಮಾರಾಗಿದೆ, ಸಾಯೋ ಮುಂಚೆ ಒಬ್ಬೊಬ್ರೂ ಭಾಷಣ ಮಾಡ್ತಾರೆ. ಅದನ್ನ ಬರೀತೀನಿ. ಆದ್ರೆ ಹನ್ನೆರಡು ವರ್ಷದಿಂದ ಇಂಥ ಸಿನಿಮಾ ನೋಡ್ತಿದ್ದೀನಿ, ಎದ್ದು ಹೊರಗೆ ಬಂದಿದ್ದು ಇದೇ ಮೊದಲು. ಅದನ್ನೂ ಬರೀತೀನಿ." ಉಸಿರೆಳೆದುಕೊಂಡು, ಧೈರ್ಯ ಮಾಡಿ ಮತ್ತೆ ಒಳಗೆ ಹೋದರು.

ನಾನೂ ಹಿಂದೆಯೇ ಹೋದೆ. ಆಂಟಿ, ಅಂಕಲ್ ಇಬ್ಬರೂ ಒಳಗೆ ಬರಲೇ ಇಲ್ಲ. ಸಿನಿಮಾ ಮುಗಿದು ಪರದೆಯ ಮೇಲೆ ‘ರಕ್ತ: ವಾಲ್ಮಾ ಮತ್ತು ಡೆಸ್ ಪಾಷ್ಕೆ’ ಅಂತ ಬಂದಾಗ ಜನ ಮರದ ನೆಲ ಅದುರುವ ಹಾಗೆ ಕಾಲು ಬಡಿದರು. ಮೇಜಿನ ಮೇಲಿದ್ದ ಸಾಸನ್ನು ಒಬ್ಬರೂ ಮುಟ್ಟಲಿಲ್ಲ! ನಾನು ಹೇಳಲು ಓಡಿಬಂದೆ.

"ನಿನ್ನ ಹೆಸರು ಬಂದಿರಬೇಕು, ಹೋಗಿ ನೋಡು," ಅನ್ನುತ್ತಿದ್ದರು ಅಂಕಲ್.

"ಅದೆಲ್ಲಿಗೂ ಹೋಗಲ್ಲ. ನೀನು ಹೇಳು, ಚಳಿಗಾಲದಲ್ಲಿ ಹೆಂಗಿರ್ತಿತ್ತು ಅಲ್ಲಿ?"

"ಬೆಳಗ್ಗೆ ಐದಕ್ಕೇ ಹೋಗ್ತಿದ್ವಲ್ಲ," ಅಂತ ಅಂಕಲ್ ಶುರುಮಾಡಿದರು. "ಬೆರಳು ಮರಗಟ್ಟಿರೋದು. ಮೊದಲನೇ ಕುರೀದು ಬಿಸಿ ತಾಕಿದ್ರೆ, ಹೇಳಬಾರದು, ಹಿತ ಅನ್ಸೋದು ವ್ಯಾಲ್…"

ಆಂಟಿ ಇನ್ನಷ್ಟು ಹತ್ತಿರ ಸರಿದು, ಆ ಬೆರಳುಗಳನ್ನು ತಮ್ಮ ಮಡಿಲಿಗೆ ಎಳೆದುಕೊಂಡರು.