ಹೆಚ್ಚಿದೆ ಎಂದರೆ ಮುಗಿದಿದೆ

ಆ ಸಂಜೆ ರಂಗರಾಜು ಗುಬ್ಬಿಯ ಮನೆಯ ಜಗುಲಿಯಲ್ಲಿ ಕೂತು ಒಂದು ಸಾಲು ಬರೆದ. ಹೆಂಡತಿ ವನಜಾಕ್ಷಿ ಎದುರಿಗೆ ಕೂತು ಮೊರದಲ್ಲಿ ರಾಗಿ ಕೇರುತ್ತಿದ್ದಳು.

"ಕೇಳು. 'ನಮ್ಮ ಸೀಮೆಯ ಶ್ರೇಷ್ಠ ಕೊಬ್ಬರಿ ಮತ್ತೆ ಬಂದಿದೆ.'"

ಮೊರ ನಿಲ್ಲಲಿಲ್ಲ.

"ಹೋಯ್ತು ಬುಡು," ಎಂದು ಸಾಲನ್ನು ಹೊಡೆದು ಹಾಕಿದ.

ಅವರ ಮನೆಯ ಪರೀಕ್ಷೆ ಅದು. ಅವನು ಓದಬೇಕು, ಅವಳು ಕೆಲಸ ಮಾಡುತ್ತಾ ಕೇಳಬೇಕು. ಅವಳ ಕೈ ನಿಂತರೆ ಸಾಲು ಉಳಿಯಿತು. ನಿಲ್ಲದಿದ್ದರೆ ಹೋಯಿತು. ಅವಳು ಓದಿದ್ದು ನಾಲ್ಕನೇ ಕ್ಲಾಸು. "ನಿನ್ನ ಕೈ ನಿಲ್ಸೋ ಮಾತು ಯಾರನ್ನಾದ್ರೂ ನಿಲ್ಸುತ್ತೆ ಕಣೇ," ಎನ್ನುತ್ತಿದ್ದ.

ಮಾತೇ ಅವನ ಕಸುಬು. ತೊಂಬತ್ತರ ಆಸುಪಾಸಿನಲ್ಲಿ ಚೇಳೂರು ಬಿಟ್ಟು ತುಮಕೂರಿಗೆ ಬಂದವನು ಆಟೋದಲ್ಲಿ ಮೈಕ್ ಹಿಡಿದು ಸೀರೆ ಅಂಗಡಿ, ಪಾತ್ರೆ ಅಂಗಡಿಗಳ ಪ್ರಚಾರ ಕೂಗುತ್ತಿದ್ದ. ಹೆಣ್ಣು ನೋಡಲು ಕೊತ್ತಗೆರೆಗೆ ಹೋದಾಗ ವನಜಾಕ್ಷಿಯ ಅಪ್ಪ ಚಿಕ್ಕಬೀರಯ್ಯ ದನಿ ಕೇಳಿಯೇ ಗುರುತು ಹಿಡಿದ.

"ಕುಣಿಗಲ್ ಪೇಟೇಲಿ ಪಾತ್ರೆಗೆ ಬಡ್ಕೊಂತಿದ್ದೋನು ನೀನೇ ಅಲ್ವೇನಪ್ಪ? ಸುಳ್ಳು ಹೇಳಿ ಮಾರ್ತೀಯೋ, ನಿಜ ಹೇಳಿ ಮಾರ್ತೀಯೋ?"

"ನಿಜ ಹೇಳಿದ್ರೆ ಅಂಗಡಿಯೋರು ಇನ್ನೊಂದ್ಸಲ ಕರೀತಾರೆ, ಮಾವ."

"ಇನ್ನೂ ಮಾವ ಆಗಿಲ್ಲ ಕಣಯ್ಯ, ತಡಿ!"

ಆದ. ಮದುವೆಯ ನಂತರ ಗುಬ್ಬಿಯಲ್ಲಿ ಮನೆ ಮಾಡಿ, ಮೈಕ್ ಬಿಟ್ಟು ಅಂಗಡಿಗಳಿಗೆ ಕರಪತ್ರ ಬರೆದುಕೊಡತೊಡಗಿದ. ಎರಡು ಸಾವಿರದ ಐದರ ಹೊತ್ತಿಗೆ ನಯೀಮ್ ಹುಡುಕಿಕೊಂಡು ಬಂದ. ಗುಬ್ಬಿಯಲ್ಲಿ ಕೊಬ್ಬರಿ ಮಂಡಿ ಇಟ್ಟಿದ್ದ ಇಸಾಕ್ ಸಾಬರ ಮಗ. ತುಮಕೂರಿನಲ್ಲಿ ಒಂದು ರೂಮು ಹಿಡಿದು, ಇಂಟರ್ನೆಟ್ಟಿನಲ್ಲಿ ಕೊಬ್ಬರಿ ಮಾರಲು ಹೊರಟಿದ್ದ.

"ಫೋಟೋ ಹಾಕಿದೀನಿ, ರೇಟ್ ಹಾಕಿದೀನಿ. ಜನ ನೋಡ್ತಾರೆ, ಹೋಗ್ತಾರೆ. ಯಾಕೆ ರಂಗಣ್ಣ?"

"ಮಂಡೀಲಾದ್ರೆ ಕೈಗೆ ಕೊಡ್ತೀಯ. ಅಲ್ಲಾಡಿಸ್ತಾರೆ, ಲೊಡಲೊಡ ಅಂದ್ರೆ ಒಳಗೆ ಒಣಗೈತೆ ಅಂತ ತಿಳ್ಕೊಂತಾರೆ, ಮೂಸ್ತಾರೆ, ಚೌಕಾಸಿ ಮಾಡ್ತಾರೆ. ಅಲ್ಲಿ ಮುಟ್ಟೋಕೆ ಏನೈತೆ? ಮಾತು ಒಂದೇ. ಅದನ್ನೇ ನೀನು ಇಟ್ಟಿಲ್ಲ."

ಫೋಟೋದ ಕೆಳಗೆ ರಂಗರಾಜು ಬರೆದ: "ಇದು ಕಾಯಲ್ಲ, ಕೊಬ್ಬರಿ. ವರ್ಷ ಅಟ್ಟದ ಮೇಲೆ ಕೂತು ನೀರು ಕುಡಿದುಕೊಂಡಿದೆ. ಒಡೆದು ನೀರು ಹುಡುಕಬೇಡಿ." ಅದನ್ನು ಓದಿದಾಗ ವನಜಾಕ್ಷಿಯ ಕೈ ನಿಂತಿತ್ತು. ಬೆಂಗಳೂರು, ಪುಣೆ, ಮುಂಬಯಿಯ ಕನ್ನಡದವರು ತರಿಸಿಕೊಳ್ಳತೊಡಗಿದರು.

ನಯೀಮ್ ಖುಷಿಯಿಂದ ಅವನಿಗೆ ವಿಸಿಟಿಂಗ್ ಕಾರ್ಡ್ ಮಾಡಿಸಿಕೊಟ್ಟ. ಹೆಸರಿನ ಕೆಳಗೆ 'ಕಾಪಿರೈಟರ್' ಎಂದಿತ್ತು. ಪಕ್ಕದ ಮನೆಯ ದೊಡ್ಡಗಂಗಮ್ಮ ಅದನ್ನು ತಿರುಗಿಸಿ ನೋಡಿದಳು.

"ಏನೇ ವನಜಾ, ನಿನ್ನ ಗಂಡ ಈ ವಯಸ್ನಲ್ಲಿ ಕಾಪಿ ಹೊಡೀತಾನಾ?"

"ನನ್ನ ಮಾತು ಕಾಪಿ ಹೊಡೀತಾರೆ ಕಣಕ್ಕ," ಎಂದಳು ವನಜಾಕ್ಷಿ.

ಅದು ಸುಳ್ಳಲ್ಲ. ಎಡವಟ್ಟಾದದ್ದೂ ಅದರಿಂದಲೇ. ಒಂದು ಸಲ ಮಂಡಿಯ ಕೊಬ್ಬರಿಯೆಲ್ಲ ಖಾಲಿಯಾಯಿತು. 'ಮುಗಿದಿದೆ' ಎಂದು ಬರೆಯಲು ರಂಗರಾಜು ಹೊರಟಾಗ ವನಜಾಕ್ಷಿ ತಡೆದಳು.

"ಮಡಿಲು ತುಂಬೋ ಪದಾರ್ಥ. ಮುಗೀತು ಅಂತಾರೇನ್ರೀ? ಹೆಚ್ಚಿದೆ ಅನ್ನಿ."

ಅಕ್ಕಿ ಮುಗಿದರೆ ಹೆಚ್ಚಿದೆ, ಬಳೆ ಒಡೆದರೆ ಹೆಚ್ಚಿತು. ಹುಟ್ಟಿದಾಗಿನಿಂದ ಕೇಳಿದ ಮಾತು. ಅವನು ಹಾಗೇ ಬರೆದ: "ಕೊಬ್ಬರಿ ಹೆಚ್ಚಿದೆ." ದೊಡ್ಡ ಊರಿನವರು ಓದಿದರು. ಮಾಲು ಜಾಸ್ತಿಯಾಗಿದೆ, ಹಾಗಾದರೆ ಅಗ್ಗಕ್ಕೆ ಕೊಟ್ಟಾರು ಎಂದುಕೊಂಡು ಆರ್ಡರ್ ಮೇಲೆ ಆರ್ಡರ್ ಹಾಕಿದರು.

ನಯೀಮ್ ಬೈಕಿನಲ್ಲಿ ಓಡಿ ಬಂದ. "ರಂಗಣ್ಣ, ಗೋಡೌನಲ್ಲಿ ಇಲಿ ಬಿಟ್ರೆ ಏನಿಲ್ಲ! ಏನ್ ಕಳಿಸ್ಲಿ?"

ರಂಗರಾಜು ಹೊಟ್ಟೆ ಹಿಡಿದುಕೊಂಡು ನಕ್ಕ. ಆಮೇಲೆ ಕೂತು ಬರೆದ: "ನಮ್ಮ ಮನೆಗಳಲ್ಲಿ ಹೆಚ್ಚಿದೆ ಎಂದರೆ ಮುಗಿದಿದೆ ಎಂದು. ನಿಮ್ಮ ಅಜ್ಜಿಯನ್ನು ಕೇಳಿ. ದುಡ್ಡು ವಾಪಸ್ ಬೇಕೆಂದರೆ ಇವತ್ತೇ ಕೊಡುತ್ತೇವೆ. ಕಾಯುತ್ತೀರಾದರೆ, ಹೊಸ ಕೊಬ್ಬರಿ ಅಟ್ಟದಿಂದ ಇಳಿದ ದಿನ ನಾನೇ ಹೇಳುತ್ತೇನೆ."

ಮುಕ್ಕಾಲು ಪಾಲು ಜನ ಕಾದರು. ಅಜ್ಜಿ ನೆನಪಾದಳು ಎಂದು ಬರೆದವರೂ ಇದ್ದರು. ಇದ್ದ ಕೊಬ್ಬರಿಯನ್ನು ಯಾರು ಬೇಕಾದರೂ ಮಾರಿಯಾರು. ಇಲ್ಲದ ಕೊಬ್ಬರಿಗೆ ಜನ ಕಾಯುವಂತೆ ಮಾಡಿದ್ದು ಅವನ ಮಾತು.

ಈಗ ಕೊಬ್ಬರಿ ಇಳಿಯುವ ಕಾಲ ಬಂದಿತ್ತು. ಆ ಸಂಜೆ ಜಗುಲಿಯಲ್ಲಿ ಅವನು ಬರೆದು ಹೊಡೆದು ಹಾಕುತ್ತಿದ್ದದ್ದು ಆ ಸುದ್ದಿ ಹೇಳುವ ಸಾಲನ್ನೇ.

"ಕಾಯ್ತಿರೋರಿಗೆ ಏನಂತ ಹೇಳೋದೇ?"

"ನಾಳೆ ಹೇಳ್ತೀನಿ ಬುಡ್ರೀ. ಸಾರು ಉಕ್ತಾ ಐತೆ."

ಉಂಡು ಮಲಗಿದರು. ಬೆಳಿಗ್ಗೆ ತುಮಕೂರಿನ ಬಸ್ಸು ಹತ್ತಿದವನಿಗೆ ದಾರಿಯಲ್ಲೇ ಎದೆ ನೋವು ಬಂತು. ತುಮಕೂರು ಮುಟ್ಟುವ ಮೊದಲೇ ಜೀವ ಹೋಯಿತು. ದೇಹವನ್ನು ನಯೀಮ್ ಗುಬ್ಬಿಯ ಮನೆಗೆ ತಂದ.

ಕಾರ್ಯವೆಲ್ಲ ಮುಗಿದ ಮೇಲೆ ನಯೀಮ್ ಮತ್ತೆ ಬಂದ. ಜಗುಲಿಯಲ್ಲಿ ಕೂರದೆ ಕೆಳಗೆ ಮೆಟ್ಟಿಲ ಮೇಲೆ ಕೂತ.

"ಅಕ್ಕ, ಜನ ಕೇಳ್ತಾವ್ರೆ. ರಂಗಣ್ಣ ಹೇಳ್ತೀನಿ ಅಂದಿದ್ರು. ನಾನೇ ಬರ್ಕೊಂಡ್ ಬಂದೆ." ಓದಿದ: "'ಗ್ರಾಹಕ ದೇವರುಗಳೇ, ಪರಿಶುದ್ಧ ಕೊಬ್ಬರಿ ಲಭ್ಯವಿದೆ.'"

ವನಜಾಕ್ಷಿ ರಾಗಿ ಕೇರುತ್ತಿದ್ದಳು. ಮೊರ ನಿಲ್ಲಲಿಲ್ಲ. ನಯೀಮ್ ಅದನ್ನೇ ನೋಡುತ್ತಿದ್ದ. ಕಾಗದ ಮಡಿಸಿದ.

"ನಿಲ್ಲಲಿಲ್ಲ."

"ಇಲ್ಲ ಕಣಪ್ಪ."

ಗಂಡ ಕೊಟ್ಟ ಮಾತು. ತೀರಿಸದೆ ಬಿಟ್ಟರೆ, ಬದುಕಿಡೀ ನಿಜ ಹೇಳಿ ಮಾರಿದವನು ಕೊನೆಗೊಂದು ಸುಳ್ಳು ಹೇಳಿ ಹೋದಂತೆ. ಅವಳು ಮೊರ ಕೆಳಗಿಟ್ಟಳು.

"ಬರ್ಕೋ. 'ಅಟ್ಟದಲ್ಲಿ ಲೊಡಲೊಡ ಅಂತಿದೆ. ಹೇಳ್ತೀನಿ ಅಂದೋರು ಇಲ್ಲ. ಅವರ ಮನೆಯೋಳು ಹೇಳ್ತಿದೀನಿ. ಕಾದಿದ್ರಿ, ದೊಡ್ಡ ಉಪಕಾರ ಆಯ್ತು. ಕೊಬ್ಬರಿ ಇಳೀತು.'"

ನಯೀಮನ ಪೆನ್ನು 'ಇಲ್ಲ' ಎಂಬಲ್ಲಿ ನಿಂತಿತು. ಅವಳು ಅದನ್ನು ನೋಡಿದಳು. ಸಾಲು ಉಳಿಯಿತು.

ಕಾದವರೆಲ್ಲ ತರಿಸಿಕೊಂಡರು. ಇಸಾಕ್ ಸಾಬರು ಅವಳಿಗೆ ಮಂಡಿಯಲ್ಲೇ ಕೆಲಸ ಕೊಟ್ಟರು. ನಯೀಮ್ ಈಗಲೂ ಹೊಸ ಸಾಲು ಬರೆದರೆ ಅವಳ ಮುಂದೆ ಓದುತ್ತಾನೆ. ಮನೆ ನಡೆಯುತ್ತಿದೆ. ಗಂಡ ಹೊಲ ಬಿಟ್ಟು ಹೋಗಲಿಲ್ಲ, ಜನ ತನ್ನ ಮಾತಿನ ಮೇಲಿಟ್ಟ ನಂಬಿಕೆಯನ್ನು ಬಿಟ್ಟು ಹೋದ. ಉಣ್ಣುವ ತುತ್ತು ಅವನದೇ.

ಬೆಳಿಗ್ಗೆ ಎದ್ದು ಬಾಗಿಲಿಗೆ ನೀರು ಹಾಕಿ ಅವಳು ಮಂಡಿಗೆ ಹೋಗುತ್ತಾಳೆ. ಅಟ್ಟದ ಏಣಿ ಹತ್ತುತ್ತಾಳೆ. ಒಂದೊಂದೇ ಕಾಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾಳೆ. ಲೊಡಲೊಡ ಎಂದದ್ದನ್ನು ಬುಟ್ಟಿಗೆ ಹಾಕುತ್ತಾಳೆ. ಸುಮ್ಮನಿದ್ದದ್ದನ್ನು ಮತ್ತೆ ಅದರ ಜಾಗಕ್ಕೆ ಇಡುತ್ತಾಳೆ.