ನಾಲೆ ನಿಂತ ಕಾಲದಲ್ಲಿ ತೋರಿಸಿದ ಮನೆ

ಅರಕೆರೆಯ ಆ ಮನೆಯ ನೆಲ ನಾಲೆಗೆ ನೀರು ಬಿಟ್ಟರೆ ಒಸರುತ್ತದೆ ಎಂಬುದು ನನಗೆ ಗೊತ್ತಿತ್ತು. ಗೊತ್ತಿದ್ದೇ ಅದನ್ನು ಚನ್ನಪ್ಪ ಮೇಷ್ಟ್ರಿಗೆ ಕೊಡಿಸಿದೆ. ಮರೆತಿದ್ದೆ, ಗಮನಿಸಲಿಲ್ಲ — ಅಂಥ ಮಾತು ಯಾವುದೂ ಇಲ್ಲಿ ಬರುವುದಿಲ್ಲ.

ನಾನು ಮನೆ ದಲ್ಲಾಳಿ. ಅದಕ್ಕೂ ಮೊದಲು ಅಪ್ಪನ ಹಿಂದೆ ಹೇಮಗಿರಿಯ ದನದ ಪರಿಷೆಗೆ ಹೋಗಿ, ಟವಲಿನ ಕೆಳಗೆ ಬೆರಳು ಹಿಡಿದು ಬೆಲೆ ಕಟ್ಟುವುದನ್ನು ಕಲಿತವನು. ಅಪ್ಪ ಹೇಳುತ್ತಿದ್ದರು: "ಎಲ್ಡು ಕಡೆಗೂ ಬೆರಳು ಕೊಡೋನು ಯಾರ ಕಡೆಯವ್ನೂ ಅಲ್ಲ ಕಣ್ಲಾ." ಆ ಮಾತನ್ನು ಎತ್ತಿನ ವ್ಯಾಪಾರಕ್ಕೆ ಇಟ್ಟುಕೊಂಡೆ, ಮನೆ ವ್ಯಾಪಾರಕ್ಕೆ ಬಿಟ್ಟುಬಿಟ್ಟೆ.

ನಯಾಪೈಸೆ ಹೊಸದಾಗಿ ಕೈಗೆ ಬಂದಿದ್ದ ವರ್ಷ. ಮೇಷ್ಟ್ರು ನಾಗಮಂಗಲದ ಕಡೆಯವರು, ವರ್ಗವಾಗಿ ಅರಕೆರೆಗೆ ಬಂದಿದ್ದರು. ತಾಯಿಯನ್ನೂ ಕರೆಸಿಕೊಂಡು ಎಲ್ಲರೂ ಒಂದೇ ಸೂರಿನಡಿ ಇರಬೇಕೆಂದು ಮನೆ ಹುಡುಕುತ್ತಿದ್ದರು. ನಾಲೆ ಏರಿಯ ಕೆಳಗಿನ ಒಂಟಿ ಹೆಂಚಿನ ಮನೆಯನ್ನು ತೋರಿಸಿದೆ. ಮಾರುತ್ತಿದ್ದವನು ನನ್ನ ಸೋದರಮಾವನ ಮಗ — ಅದನ್ನೂ ಹೇಳಲಿಲ್ಲ. ಶಿವರಾತ್ರಿ ಕಳೆದು, ನೀರು ನಿಲ್ಲಿಸಿ ನಾಲೆಯ ಹೂಳೆತ್ತುತ್ತಿದ್ದ ದಿನಗಳು. ನೆಲ ಒಣಗಿ ಬೆಳ್ಳಗಿತ್ತು. ಗೋಡೆ ಬುಡದ ಕಲೆಗೆ ನಾನೇ ನಿಂತು ಸುಣ್ಣ ಬಳಿಸಿದ್ದೆ.

ಮೇಷ್ಟ್ರು ಹಿತ್ತಿಲ ಬಾವಿಯನ್ನು ಬಗ್ಗಿ ನೋಡಿದರು. ಅವರ ಊರಿನ ಬಾವಿಗೆ ಇಳಿಬಿಟ್ಟ ಹಗ್ಗ ಸಾಲುತ್ತಿರಲಿಲ್ಲವಂತೆ. ಇಲ್ಲಿ ಎರಡೇ ಮಾರು. ಅವರ ಮುಖ ಅರಳಿತು. ಮಳೆಯನ್ನೇ ನಂಬಿದ ಬೆದ್ದಲು ಸೀಮೆಯವರಿಗೆ ನೀರು ಹತ್ತಿರವಿದ್ದಷ್ಟೂ ಪುಣ್ಯ. ಅದೇ ನೀರು ಮೇಲೇರಿ ಮನೆಯೊಳಕ್ಕೆ ಬರಬಹುದು ಎಂದು ಅವರಿಗೆ ಹೊಳೆಯುವುದಾದರೂ ಹೇಗೆ? ನನಗೆ ಹೊಳೆದಿತ್ತು. ಆ ಅರಳಿದ ಮುಖವನ್ನು ನೋಡಿಯೇ, ಇನ್ನು ವ್ಯಾಪಾರ ಕುದುರಿತು ಎಂದುಕೊಂಡೆ.

ಒಂದೇ ಒಂದನ್ನು ಕೇಳಿದರು — ಹಗೇವು ಯಾಕಿಲ್ಲ? ಹಗೇವು ಎಂದರೆ ರಾಗಿ ತುಂಬಿ ಬಾಯಿ ಮುಚ್ಚಿಡುವ ನೆಲದ ಗುಂಡಿ. ಇದು ಭತ್ತದ ಸೀಮೆ, ಯಾರಿಗೆ ಬೇಕು ಎಂದು ನಕ್ಕೆ. ಅವರಿಗೆ ಸಮಾಧಾನವಾಗಲಿಲ್ಲ. ಊರಲ್ಲಿ ಇನ್ನೊಬ್ಬರನ್ನು ವಿಚಾರಿಸಿ ಬರುತ್ತೇನೆ ಎಂದರು. ಆಗ ಆಡಿದೆ ಆ ಮಾತು:

"ಇನ್ನೊಬ್ರು ಯಾಕೆ ಮೇಷ್ಟ್ರೇ? ನಾನು ನಿಮ್ ಕಡೆಯವ್ನೇ ಅಲ್ವಾ?"

ಅವರು ನಂಬಿದರು. ರಿಜಿಸ್ಟ್ರಿ ಆಯಿತು. ಅಂಗಳದಲ್ಲಿ ತಾವೇ ಹಗೇವು ತೋಡಿಸಿದರು. ಅವರ ತಾಯಿ ನಿಂಗಮ್ಮ ಸ್ವಂತ ಹೊಲದ ರಾಗಿಯನ್ನು ಗಾಡಿಯಲ್ಲಿ ತಂದಿಳಿಸಿದರು. ಹುಲ್ಲು ಹಾಸಿ, ರಾಗಿ ತುಂಬಿ, ಬಾಯಿಗೆ ಚಪ್ಪಡಿ ಎಳೆದು ಮಣ್ಣು ಮೆತ್ತಿದ್ದು ಮೇಷ್ಟ್ರ ಹೆಂಡತಿ ಜಯಮ್ಮ. ಮಳೆಗಾಲ ಹಿಡಿಯಿತು, ನಾಲೆಗೆ ನೀರು ಬಂತು. ಮನೆಯ ನೆಲ ಒಸರಿದ್ದನ್ನು ಅವರು ಮಳೆಯ ತಂಡಿ ಎಂದುಕೊಂಡರು. ಗೌರಿಹಬ್ಬದ ಹೊತ್ತಿಗೆ ಬಾಯಿ ತೆಗೆದರೆ — ನಾತ. ವರ್ಷದ ರಾಗಿ ಕಪ್ಪಗೆ ಕೊಳೆತು ಹೆಪ್ಪುಗಟ್ಟಿತ್ತು.

ನನ್ನನ್ನೇ ಕರೆಸಿದರು, ತಿಳಿದವನು ಎಂದು. ಜಯಮ್ಮ ಬಾಗಿಲಲ್ಲಿ ನಿಂತಿದ್ದರು. ನಿಂಗಮ್ಮ ಸೊಸೆಯತ್ತ ತಿರುಗಿಯೂ ನೋಡದೆ ನನ್ನನ್ನು ಕೇಳಿದರು:

"ನಮ್ಮತ್ತೆ ಕಾಲ್ದಿಂದ ಅಗೇವು ಕಂಡೋಳು ನಾನು. ನೀರು ಬಾಯಿಂದ ಇಳೀತದೆ ಕಣಪ್ಪ, ತಳದಿಂದ ಬತ್ತದಾ? ನೀನೇ ಯೋಳು."

ತಳದಿಂದಲೇ ಬರುತ್ತದೆ ತಾಯಿ, ನಾಲೆಯಿಂದ ಬರುತ್ತದೆ, ನಿಮ್ಮ ಸೊಸೆಯದೇನೂ ತಪ್ಪಿಲ್ಲ — ಇಷ್ಟು ಹೇಳಿದ್ದರೆ ಸಾಕಿತ್ತು. ನಾನು ಹೇಳಿದ್ದು, ಬಾಯಿ ಸರಿಯಾಗಿ ಮುಚ್ಚಿರಲಿಕ್ಕಿಲ್ಲ ಎಂದು. ನನ್ನ ಹೆಸರು ಉಳಿಯಿತು. ಆ ಮನೆಯಲ್ಲಿ ಒಲೆ ಎರಡಾಯಿತು. "ನಿನ್ ಕೈ ರಾಗಿಗೆ ಆಗಾಕಿಲ್ಲ, ಬುಡು" ಎಂದು ನಿಂಗಮ್ಮ ಅಂದಿನಿಂದ ತಮ್ಮ ಮುದ್ದೆಯನ್ನು ತಾವೇ ತೊಳಸಿಕೊಳ್ಳುತ್ತಿದ್ದಾರೆ. ಸೊಸೆ ಮುಟ್ಟಿದ ಹಿಟ್ಟನ್ನು ಮುಟ್ಟುವುದಿಲ್ಲ. ಮುಂದಿನ ಬೇಸಿಗೆಯಲ್ಲಿ ಮುಂದೆ ನಿಂತು, ಒಸರು ಮೇಲೆ ಕಾಣದಂತೆ ಆ ಮನೆಯ ನೆಲಕ್ಕೆ ಗಾರೆ ಹಾಕಿಸಿದೆ, ಉಪಕಾರ ಮಾಡುವವನಂತೆ.

ಆಮೇಲೆ ನಾನು ಕಸುಬಿನ ದಾರಿ ಬದಲಿಸಿದೆ. ಹದಿನೈದು ವರ್ಷದಿಂದ ಕೊಳ್ಳುವವರ ಕಡೆ ಮಾತ್ರ. ಮಾರುವವನ ಮನೆಯ ಕಾಫಿಯನ್ನೂ ಕುಡಿಯುವುದಿಲ್ಲ. ಇದನ್ನು ಹೆಮ್ಮೆಯಿಂದಲೇ ಹೇಳುತ್ತೇನೆ. ಎತ್ತು ಕೊಳ್ಳಲು ಹೋಗುವವನು ಹಲ್ಲು ನೋಡಬಲ್ಲ ತನ್ನವನೊಬ್ಬನನ್ನು ಜೊತೆಗೆ ಕರೆದೊಯ್ಯುತ್ತಾನೆ; ಜೀವಮಾನಕ್ಕೊಂದು ಮನೆ ಕೊಳ್ಳುವಾಗ ಮಾತ್ರ ಮಾರುವವನ ದಲ್ಲಾಳಿಯನ್ನೇ ನಂಬಿಬಿಡುತ್ತಾನೆ. ಕ್ಯಾತನಹಳ್ಳಿಯಲ್ಲಿ ಒಬ್ಬರಿಗೆ ಮನೆ ಕೊಡಿಸುವಾಗ ಬೇಸಿಗೆಯಲ್ಲಿ ಒಮ್ಮೆ, ನಾಲೆ ತುಂಬಿದ್ದಾಗ ಒಮ್ಮೆ ನೋಡಿದ ಮೇಲೆಯೇ ಹೂಂ ಅಂದೆ. ಹೊಸ ಸುಣ್ಣ ಕಂಡರೆ ಕೆರೆದು ನೋಡುತ್ತೇನೆ. ಬಾವಿಯಲ್ಲಿ ದಾಯಾದಿಗಳ ಪಾಲಿದೆಯೇ ಎಂದು ಪಕ್ಕದ ಮನೆಯ ಹೆಂಗಸರನ್ನು ಕೇಳುತ್ತೇನೆ, ಗಂಡಸರನ್ನಲ್ಲ. ಬೇಡ ಎಂದು ಕೈಹಿಡಿದು ಹಿಂದಕ್ಕೆ ಕರೆತಂದ ಮನೆಗಳೇ ಕೊಡಿಸಿದ್ದಕ್ಕಿಂತ ಹೆಚ್ಚು. ಮನೆ ಕೊಳ್ಳುವವರಿಗೆ ತಮ್ಮವನೇ ಒಬ್ಬ ಬೇಕು, ಅವನು ಬೇರೆ ಯಾರವನೂ ಆಗಿರಕೂಡದು — ಇದನ್ನು ಯಾರ ಮುಂದೆ ಬೇಕಾದರೂ ಹೇಳಬಲ್ಲೆ.

ಆದರೆ ನನ್ನ ಹತ್ತಿರ ಜನ ಬರುವುದು ಯಾರ ಮಾತು ಕೇಳಿ? ಮೇಷ್ಟ್ರ ಮಾತು ಕೇಳಿ. ಆ ಮನುಷ್ಯ ಪ್ರಾಮಾಣಿಕ, ನಮ್ಮ ಕಡೆಯವನಾಗಿ ನಿಂತ ಎಂದು ಈಗಲೂ ಹೇಳುತ್ತಾರೆ.

ಈ ವರ್ಷ ಅವರಿಗೆ ನಿವೃತ್ತಿ. ಪಾಂಡವಪುರದಲ್ಲಿ ಒಂದು ಸಣ್ಣ ಮನೆ ಬೇಕಂತೆ. ಮೊನ್ನೆ ಜಯಮ್ಮನೇ ಬಂದಿದ್ದರು. ಬೇರೆ ಯಾರೂ ಬೇಡ, ನೀವೇ ನಿಂತು ನೋಡಬೇಕು ಎಂದರು. ಹೊರಡುವಾಗ ಮೆಲ್ಲಗೆ, "ಎರಡು ಒಲೆಗೆ ಜಾಗ ಇರ್ಬೇಕು ಕಣಣ್ಣ" ಅಂದರು. ನಾನು ಆಗಲಿ ಎಂದೆ. ಎಂದುಬಿಟ್ಟೆ.

ನಾಳೆ ಮೊದಲ ಬಸ್ಸಿಗೆ ಅರಕೆರೆಗೆ ಹೋಗುತ್ತೇನೆ. ಮೇಷ್ಟ್ರನ್ನು ಪಕ್ಕಕ್ಕೆ ಕರೆದು ಪಿಸುಗುಟ್ಟಿ ಬರುವ ಮಾತಲ್ಲ ಇದು. ನಿಂಗಮ್ಮನ ಮುಂದೆ, ಸೊಸೆಯನ್ನು ನಿಲ್ಲಿಸಿಕೊಂಡು ಹೇಳಬೇಕಾದ್ದು. ಮನೆ ಕೊಡಿಸುವ ಕೆಲಸ ಆಮೇಲೆ ನನಗೆ ಸಿಗಲಿ, ಬಿಡಲಿ. ನಿಂಗಮ್ಮನಿಗೆ ಈಗ ಕಿವಿ ಮಂದವಂತೆ. ಹಾಗಾದರೆ ಕೂಗಿಯೇ ಹೇಳಬೇಕು, ನಾಲೆ ಏರಿಯ ಮೇಲೆ ಹೋಗುವವರಿಗೆಲ್ಲ ಕೇಳಿಸುವಷ್ಟು ಗಟ್ಟಿಯಾಗಿ.